ಎಬಿಎಸ್ ಇತ್ತು, ಆದ್ರೂ ಬಿದ್ದ

ಹೋದ ಮಳೆಗಾಲದಲ್ಲಿ ನಮ್ಮ ರೂಮಿನ ಹುಡುಗನೊಬ್ಬ ಖಾನಾಪುರದಲ್ಲಿರೋ ತನ್ನ ಮನೆಯಿಂದ ಮಹಾಂತೇಶ ನಗರಕ್ಕೆ ಬೈಕ್ ಮೇಲೆ ವಾಪಸ್ ಬರ್ತಾ ಇದ್ದ. ಮಚ್ಛೆ ದಾಟಿ ಪೀರನವಾಡಿ ಹತ್ತಿರ ಬರೋ ಹೊತ್ತಿಗೆ ಎಡಗಡೆಯಿಂದ ಒಂದು ಎಮ್ಮೆ ರಸ್ತೆಗೆ ಇಳೀತು. ಜಿಟಿಜಿಟಿ ಮಳೆ, ಟಾರಿನ ಮೇಲೆ ಕೆಂಪು ಮಣ್ಣಿನ ರಾಡಿ. ವೇಗ ಅವನೇ ಹೇಳೋ ಪ್ರಕಾರ ಐವತ್ತರ ಆಸುಪಾಸು. ಬ್ರೇಕ್ ಒತ್ತಿದ, ಹಿಂದಿನ ಚಕ್ರ ಜಾರಿ ಪಕ್ಕಕ್ಕೆ ಬಂತು, ಗಾಡಿ ಅಡ್ಡ ಬಿತ್ತು. ಎಮ್ಮೆ ತನ್ನ ಪಾಡಿಗೆ ತಾನು ರಸ್ತೆ ದಾಟಿತು. ಹೆಲ್ಮೆಟ್ ಇದ್ದಿದ್ದಕ್ಕೆ ತಲೆ ಉಳೀತು. ಬಲಗಡೆ ಕಾಲರ್ ಬೋನ್ ಮುರಿದು ಆರು ವಾರ ಕೈಗೆ ಜೋಳಿಗೆ, ಎರಡನೇ ಇಂಟರ್ನಲ್ಸ್ ಹೋಯ್ತು.

ನೋಡೋಕೆ ಹೋದಾಗ ನಾವೆಲ್ಲ ಕೇಳಿದ್ದು ಒಂದೇ ಪ್ರಶ್ನೆ.

"ಲೇ, ನಿನ್ನ ಗಾಡಿಗೆ ಎಬಿಎಸ್ ಐತಲ್ಲೋ, ಹೆಂಗ ಬಿದ್ದಿ?"

"ಐತಿ. ಮುಂದಿನ ಗಾಲಿಗಷ್ಟ ಐತಿ. ನಾ ಒತ್ತಿದ್ದು ಹಿಂದಿನ ಬ್ರೇಕ್."

"ಮುಂದಿಂದು ಯಾಕ ಒತ್ತಲಿಲ್ಲ?"

"ಮುಂದಿನ ಬ್ರೇಕ್ ಒತ್ತಿದ್ರ ಪಲ್ಟಿ ಹೊಡಿತಿ ಅಂತ ನಮ್ಮ ಕಾಕಾ ಹೇಳ್ಯಾರ. ಗಾಡಿ ಕಲ್ತಾಗಿಂದ ನಾ ಅದನ್ನ ಮುಟ್ಟೇ ಇಲ್ಲ."

ಆಮೇಲೆ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನಿಂತು ನಾಲ್ಕು ಜನರನ್ನ ಕೇಳಿದ್ರೆ ನಾಲ್ಕೂ ಜನರದ್ದು ಅದೇ ಕಥೆ. ಒಬ್ಬರಿಗೆ ಕಾಕಾ, ಒಬ್ಬರಿಗೆ ಮಾಮಾ, ಒಬ್ಬರಿಗೆ ಅಪ್ಪ. ಪಾಠ ಮಾತ್ರ ಒಂದೇ: ಮುಂದಿನ ಬ್ರೇಕ್ ಮುಟ್ಟಬ್ಯಾಡ.

ಅಪಘಾತ ಕಡಿಮೆ ಆಗಬೇಕಾದ್ರೆ ಚಾಲಕರಿಗೆ ಸರಿಯಾಗಿ ಕಲಿಸಬೇಕೋ, ಇಲ್ಲಾ ಗಾಡಿಯಲ್ಲೇ ಸುರಕ್ಷತಾ ಸಾಧನ ಕಡ್ಡಾಯ ಮಾಡಬೇಕೋ ಅನ್ನೋದು ಚರ್ಚಾ ಸ್ಪರ್ಧೆಗಳ ಹಳೇ ವಿಷಯ. ಪರ ನಾಲ್ಕು ನಿಮಿಷ, ವಿರೋಧ ನಾಲ್ಕು ನಿಮಿಷ, ಕೊನೆಗೆ "ಎರಡೂ ಬೇಕು" ಅಂತ ತೀರ್ಪು. ಈ ಗೆಳೆಯನ ಕಾಲರ್ ಬೋನ್ ನೋಡಿದ ಮೇಲೆ ನಮಗೆ ಆ ತೀರ್ಪು ಸಾಕಾಗಲಿಲ್ಲ. ಅವನ ಗಾಡಿಯಲ್ಲಿ ಸಾಧನ ಇತ್ತು. ಅವನ ಕೈಯಲ್ಲಿ ಲೈಸೆನ್ಸೂ ಇತ್ತು. ಹಾಗಾದ್ರೆ ತಪ್ಪಿದ್ದು ಎಲ್ಲಿ?

ಮೊದಲು ಲೆಕ್ಕ ಮಾಡೋಣ, ನಾವು ಎಂಜಿನಿಯರಿಂಗ್ ಓದೋರು ತಾನೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ಹಿಂದಿನ ಚಕ್ರ ಹಗುರಾಗುತ್ತೆ, ಮುಂದಿನ ಚಕ್ರ ರಸ್ತೆಯನ್ನ ಇನ್ನೂ ಗಟ್ಟಿಯಾಗಿ ಒತ್ತುತ್ತೆ. ಘರ್ಷಣೆ ಸಿಗೋದು ಭಾರ ಬಿದ್ದ ಕಡೆ. ಒಂದು ಸಾಧಾರಣ ಬೈಕ್ ತಗೊಳ್ಳಿ: ವೀಲ್‌ಬೇಸ್ 1.25 ಮೀಟರ್, ಸವಾರ ಸೇರಿ ಗುರುತ್ವ ಕೇಂದ್ರ ನೆಲದಿಂದ 0.65 ಮೀಟರ್ ಎತ್ತರ, ನಿಂತಾಗ ಭಾರ ಎರಡೂ ಚಕ್ರಗಳ ಮೇಲೆ ಸಮ. ಒಣ ಟಾರು ರಸ್ತೆಗೆ ಘರ್ಷಣೆ ಗುಣಾಂಕ 0.7 ಅಂದುಕೊಳ್ಳಿ. 60 ಕಿ.ಮೀ. ವೇಗದಿಂದ ಗಾಡಿ ನಿಲ್ಲಿಸಬೇಕು.

ಹಿಂದಿನ ಬ್ರೇಕ್ ಒಂದನ್ನೇ ಪೂರ್ತಿ ಬಳಸಿದ್ರೆ ಸುಮಾರು 55 ಮೀಟರ್ ಬೇಕು. ಮುಂದಿನದ್ದು ಒಂದನ್ನೇ ಬಳಸಿದ್ರೆ 26 ಮೀಟರ್. ಎರಡನ್ನೂ ಸರಿಯಾಗಿ ಬಳಸಿದ್ರೆ 20 ಮೀಟರ್. ಮಿದುಳು ಅಪಾಯ ಗುರುತಿಸಿ ಕೈಕಾಲು ಅಲ್ಲಾಡಿಸೋಕೆ ತಗೊಳ್ಳೋ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಇದರ ಮೇಲೆ ಸೇರಿಸಿಕೊಳ್ಳಿ, ಅದು ಮೂವರಿಗೂ ಸಮ.

ಮೀಟರ್ ಲೆಕ್ಕ ಮನಸ್ಸಿಗೆ ನಾಟಲ್ಲ ಅಂದ್ರೆ ಬೇರೆ ರೀತಿ ಹೇಳ್ತೀವಿ. ಎರಡೂ ಬ್ರೇಕ್ ಹಾಕಿದವನು ಎಮ್ಮೆಯ ಮುಂದೆ ಬಂದು ನಿಂತ ಜಾಗದಲ್ಲಿ, ಹಿಂದಿನ ಬ್ರೇಕ್ ಮಾತ್ರ ಒತ್ತಿದವನು ಇನ್ನೂ ಗಂಟೆಗೆ 48 ಕಿ.ಮೀ. ವೇಗದಲ್ಲಿ ಇರ್ತಾನೆ. 60ರಿಂದ 48. ಅಷ್ಟೇ ಇಳಿದಿರೋದು. ಮಳೆಯಲ್ಲಿ ಗುಣಾಂಕ 0.4ಕ್ಕೆ ಇಳಿದ್ರೆ ಎರಡೂ ಬ್ರೇಕಿಗೆ 35 ಮೀಟರ್, ಹಿಂದಿನದ್ದೊಂದಕ್ಕೇ 85 ಮೀಟರ್. ಇದೂ ಹಿಂದಿನ ಚಕ್ರ ಲಾಕ್ ಆಗದೆ, ಗಾಡಿ ನೆಟ್ಟಗೆ ಉಳಿದ್ರೆ. ಅವನ ಚಕ್ರ ಲಾಕ್ ಆಯ್ತು. ಹಗುರಾದ ಚಕ್ರ ಲಾಕ್ ಆಗೋದು ಸುಲಭ. ಲಾಕ್ ಆದ ಚಕ್ರಕ್ಕೆ ಪಕ್ಕಕ್ಕೆ ಹಿಡಿದುಕೊಳ್ಳೋ ಶಕ್ತಿ ಇರಲ್ಲ.

ಹಂಗಂದ್ರೆ ಕಾಕಾ ಸುಳ್ಳು ಹೇಳಿದ್ರಾ? ಪೂರ್ತಿ ಸುಳ್ಳಲ್ಲ. ಅವರ ಕಾಲದ ಗಾಡಿಯಲ್ಲಿ ಮಣ್ಣಿನ ರಸ್ತೆ ಮೇಲೆ ಮುಂದಿನ ಬ್ರೇಕ್ ಗಪ್ಪನೆ ಹಿಡಿದ್ರೆ ಮುಂದಿನ ಚಕ್ರ ಲಾಕ್ ಆಗಿ, ಒಂದು ಸೆಕೆಂಡಿನೊಳಗೆ ನೆಲ ಕಾಣೋದು ಖಚಿತ. ಹಿಂದಿನ ಚಕ್ರ ಜಾರಿದ್ರೆ ಸಂಭಾಳಿಸಬಹುದು, ಮುಂದಿನದ್ದು ಜಾರಿದ್ರೆ ಆಗಲ್ಲ. ಅದಕ್ಕೆ ಅವರು ಅನುಭವದಿಂದ ಒಂದು ನಿಯಮ ಮಾಡಿಕೊಂಡ್ರು: ಅದನ್ನ ಮುಟ್ಟೋದೇ ಬೇಡ. ಬೀಳೋದು ತಪ್ಪಿತು, ಗುದ್ದೋದು ತಪ್ಪಲಿಲ್ಲ.

ಎಬಿಎಸ್ ಹುಟ್ಟಿದ್ದೇ ಈ ಭಯವನ್ನ ತೆಗೆಯೋಕೆ. ಚಕ್ರದ ಪಕ್ಕ ಒಂದು ಹಲ್ಲಿನ ಉಂಗುರ, ಅದರ ಎದುರು ಒಂದು ಸೆನ್ಸರ್. ಗಾಡಿ ಓಡ್ತಾ ಇರುವಾಗ ಚಕ್ರ ಮಾತ್ರ ಇದ್ದಕ್ಕಿದ್ದಂಗೆ ನಿಧಾನ ಆಗ್ತಿದೆ ಅಂದ್ರೆ ಲಾಕ್ ಆಗೋದ್ರಲ್ಲಿದೆ ಅಂತ ಅರ್ಥ. ಆಗ ವಾಲ್ವ್ ಬ್ರೇಕ್ ಎಣ್ಣೆಯ ಒತ್ತಡ ಬಿಡುತ್ತೆ, ಚಕ್ರ ತಿರುಗಿದ ಕೂಡ್ಲೆ ಮತ್ತೆ ಏರಿಸುತ್ತೆ. ಸೆಕೆಂಡಿಗೆ ಹಲವು ಸಲ. ಟೈರು ಶೇ 10ರಿಂದ 20ರಷ್ಟು ಜಾರುವಾಗ ಹಿಡಿತ ಅತಿ ಹೆಚ್ಚು ಇರುತ್ತೆ, ಆ ಜಾಗದ ಆಸುಪಾಸಿನಲ್ಲೇ ಚಕ್ರವನ್ನ ಇಟ್ಟುಕೊಳ್ಳೋ ಪ್ರಯತ್ನ ಅದು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು. ಬೈಕಿಗೆ ಎಬಿಎಸ್ ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಬೈಕಿನಲ್ಲಿ. ನಮ್ಮ ದೇಶದಲ್ಲಿ ಕಡ್ಡಾಯ ಆಗೋಕೆ ಇನ್ನೂ ಮೂವತ್ತು ವರ್ಷ ಬೇಕಾಯ್ತು. 125 ಸಿಸಿ ಮೀರಿದ ಎರಡು ಚಕ್ರದ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಹಳೇ ಮಾದರಿಗಳಿಗೂ 2019ರ ಏಪ್ರಿಲ್‌ನಿಂದ. 125 ಸಿಸಿ ಮತ್ತು ಅದರೊಳಗಿನವಕ್ಕೆ ಎಬಿಎಸ್ ಇಲ್ಲವೇ ಸಿಬಿಎಸ್, ಯಾವುದಾದರೂ ಒಂದು.

ಇದರಲ್ಲಿ ಎರಡು ಸ್ವಾರಸ್ಯ ಇದೆ. ಬೆಲೆ ಕಡಿಮೆ ಇಡೋಕೆ ಕಂಪನಿಗಳು ಬಹಳಷ್ಟು ಬೈಕುಗಳಿಗೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ ಕೊಟ್ಟವು, ಅದನ್ನೇ ಸಿಂಗಲ್ ಚಾನೆಲ್ ಅಂತಾರೆ. ಎಂಜಿನಿಯರಿಂಗ್ ದೃಷ್ಟಿಯಿಂದ ಸರಿಯೇ, ಒಂದೇ ಚಕ್ರಕ್ಕೆ ಕೊಡೋದಾದ್ರೆ ಅಪಾಯಕಾರಿಯಾದ ಚಕ್ರಕ್ಕೆ ಕೊಡಬೇಕು. ಆದರೆ ಸವಾರ ಮುಂದಿನ ಲಿವರನ್ನ ಮುಟ್ಟೋದೇ ಇಲ್ಲ ಅಂದ್ರೆ? ದುಡ್ಡು ಕೊಟ್ಟು ತಂದ ಸಾಧನ ಮಡ್‌ಗಾರ್ಡ್ ಮೇಲಿನ ಸ್ಟಿಕ್ಕರ್ ಆಗಿ ಉಳಿಯುತ್ತೆ. ನಮ್ಮ ಗೆಳೆಯನದ್ದು ಹಿಂಗೇ ಆಯ್ತು.

ಇನ್ನೊಂದು ಸಿಬಿಎಸ್. ಹಿಂದಿನ ಬ್ರೇಕ್ ಒತ್ತಿದ್ರೆ ಮುಂದಿನದ್ದೂ ಒಂದಿಷ್ಟು ಹಿಡಿಯುತ್ತೆ, ಅಷ್ಟೇ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಲಾಕ್ ಆಗೋದನ್ನ ತಡೆಯೋಕೆ ಬರಲ್ಲ. ನಾವಂತೂ ಇದನ್ನ "ಕಾಕಾ ಬ್ರೇಕ್" ಅಂತ ಕರೀತೀವಿ. ಜನ ಹಿಂದಿನ ಬ್ರೇಕ್ ಮಾತ್ರ ಒತ್ತುತ್ತಾರೆ, ಎಷ್ಟು ಹೇಳಿದ್ರೂ ಕೇಳಲ್ಲ, ಹಾಗಾದ್ರೆ ಅವರಿಗೆ ಗೊತ್ತಿಲ್ಲದಂಗೆ ಮುಂದಿನದ್ದನ್ನೂ ಒತ್ತಿಸೋಣ ಅನ್ನೋ ಉಪಾಯ ಇದು. ತಪ್ಪು ಪಾಠವನ್ನ ತಿದ್ದೋ ಬದಲು ಅದರ ಸುತ್ತಲೇ ಯಂತ್ರ ಕಟ್ಟಿದ್ದಾರೆ. ನಗು ಬರುತ್ತೆ, ಆದ್ರೆ ಅಂಥ ಎಂಜಿನಿಯರ್‌ಗಳ ಬಗ್ಗೆ ನಮಗೆ ಗೌರವ ಇದೆ.

ಇನ್ನು ಪಾಠದ ವಿಷಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕು ಅಂತ ಉದ್ದ ಪಟ್ಟಿ ಇದೆ. ತುರ್ತು ಸಂದರ್ಭದಲ್ಲಿ ಗಾಡಿ ನಿಲ್ಲಿಸೋ ಸಾಮರ್ಥ್ಯ ಅನ್ನೋದೂ ಅದರೊಳಗಿದೆ. ನಮ್ಮ ಕ್ಲಬ್ಬಿನವರು ಬೇರೆ ಬೇರೆ ಊರಿನವರು, ಲೈಸೆನ್ಸ್ ಮಾಡಿಸಿದ್ದೂ ಬೇರೆ ಬೇರೆ ಕಡೆ. ನಮ್ಮಲ್ಲಿ ಒಬ್ಬರಿಗೂ "ಜೋರಾಗಿ ಬಂದು ಗಕ್ಕನೆ ನಿಲ್ಲಿಸಿ ತೋರಿಸು" ಅಂತ ಯಾರೂ ಹೇಳಿದ ನೆನಪಿಲ್ಲ. ಕಾಲು ಊರದೆ ಎಂಟು ಹಾಕಿದ್ವಿ, ಕೈ ತೋರಿಸಿದ್ವಿ, ಮುಗೀತು. ಎಂಟು ಹಾಕೋದು ನಿಧಾನ ವೇಗದ ಸಮತೋಲನದ ಪರೀಕ್ಷೆ. ಎಮ್ಮೆ ಅಡ್ಡ ಬಂದಾಗ ಅದರಿಂದ ಉಪಯೋಗ ಇಲ್ಲ.

ಹಂಗಾದ್ರೆ ಪಾಠ ಚೆನ್ನಾಗಿ ಮಾಡಿಸಿಬಿಟ್ರೆ ಸಾಕಲ್ಲ ಅಂತ ಅನ್ನಿಸೋದು ಸಹಜ. ನಾವೂ ಹಾಗೇ ಅಂದುಕೊಂಡು ಹುಡುಕೋಕೆ ಹೊರಟ್ವಿ, ಸಿಕ್ಕಿದ್ದು ಬೇರೆ.

ಅಮೆರಿಕದಲ್ಲಿ 1960ರ ದಶಕದವರೆಗೂ ಕಾರು ಕಂಪನಿಗಳ ವಾದ ಒಂದೇ ಇತ್ತು: ಕಾರಲ್ಲಿ ದೋಷ ಇಲ್ಲ, ದೋಷ ಸ್ಟೀರಿಂಗ್ ಹಿಂದೆ ಕೂತವನದ್ದು, ಅವನಿಗೆ ಪಾಠ ಮಾಡಿ. 1965ರಲ್ಲಿ ರಾಲ್ಫ್ ನೇಡರ್ ಅನ್ನೋ ಯುವ ವಕೀಲ ಪುಸ್ತಕ ಬರೆದು ಈ ವಾದವನ್ನ ತಿರುಗಿಸಿದ. ಮರುವರ್ಷವೇ ವಾಹನ ಸುರಕ್ಷತೆಯ ಕಾಯ್ದೆ ಬಂತು. ಆಮೇಲೆ 1970ರ ದಶಕದ ಕೊನೆಗೆ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ ಪಾಠದ್ದೇ ಪರೀಕ್ಷೆ ಮಾಡಿದ್ರು. ಸುಮಾರು 16,000 ಹೈಸ್ಕೂಲ್ ವಿದ್ಯಾರ್ಥಿಗಳನ್ನ ಚೀಟಿ ಎತ್ತಿದಂಗೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಆ ಕಾಲದ ಅತ್ಯುತ್ತಮ ತರಬೇತಿ, ಇನ್ನೊಂದಕ್ಕೆ ಲೈಸೆನ್ಸಿಗೆ ಬೇಕಾದಷ್ಟು, ಮೂರನೇದಕ್ಕೆ ಏನೂ ಇಲ್ಲ. ಮೊದಲ ಕೆಲವು ತಿಂಗಳು ಸ್ವಲ್ಪ ವ್ಯತ್ಯಾಸ ಕಂಡಿತು, ಆಮೇಲೆ ಅದೂ ಉಳಿಯಲಿಲ್ಲ. ತರಬೇತಿ ಸಿಕ್ಕವರು ಬೇಗ ಲೈಸೆನ್ಸ್ ಮಾಡಿಸಿಕೊಂಡು ಬೇಗ ರಸ್ತೆಗೆ ಇಳಿದ್ರು, ಅದೂ ಒಂದು ಕಾರಣ.

ನಾರ್ವೆಯದ್ದು ಇನ್ನೂ ವಿಚಿತ್ರ. ಹೊಸ ಚಾಲಕರಿಗೆ ಜಾರೋ ರಸ್ತೆಯಲ್ಲಿ ಕಾರು ನಿಭಾಯಿಸೋ ತರಬೇತಿ ಕಡ್ಡಾಯ ಮಾಡಿದ ಮೇಲೆ, ಯುವಕರು ಜಾರೋ ರಸ್ತೆಯಲ್ಲಿ ಮಾಡಿಕೊಳ್ಳೋ ಅಪಘಾತ ಹೆಚ್ಚಾಗಿದ್ದು 1980ರ ದಶಕದ ಅಧ್ಯಯನದಲ್ಲಿ ಕಂಡುಬಂತು. ಒಂದು ದಿನದ ತರಬೇತಿ ಕೌಶಲಕ್ಕಿಂತ ಹೆಚ್ಚಾಗಿ "ನನಗೆ ಬರುತ್ತೆ" ಅನ್ನೋ ಧೈರ್ಯ ಕೊಟ್ಟಿತ್ತು. ನಮ್ಮ ವಯಸ್ಸಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಚೋರ್ಲಾ ಘಾಟ್ ರೈಡಿಗೆ ಹೋದ ಯಾವ ಗ್ಯಾಂಗನ್ನಾದ್ರೂ ಕೇಳಿ.

ಅದೇ ಬೈಕಿನ ಎಬಿಎಸ್ ನೋಡಿ. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಒಂದೇ ಮಾದರಿಯ ಬೈಕುಗಳನ್ನ ಎಬಿಎಸ್ ಇದ್ದದ್ದು, ಇಲ್ಲದ್ದು ಅಂತ ಹೋಲಿಸಿತು. ಸಾವಿನ ಅಪಘಾತಗಳ ದರ ಮೊದಮೊದಲ ಅಧ್ಯಯನಗಳಲ್ಲಿ ಮೂರನೇ ಒಂದರಷ್ಟು ಕಡಿಮೆ, ಆಮೇಲಿನ ದೊಡ್ಡ ಅಧ್ಯಯನದಲ್ಲಿ ಐದನೇ ಒಂದಕ್ಕಿಂತ ತುಸು ಹೆಚ್ಚು ಕಡಿಮೆ. ಪಾಠದಿಂದ ಇಷ್ಟು ದೊಡ್ಡ ಫಲ ಬಂದದ್ದು ನಮಗೆಲ್ಲೂ ಸಿಗಲಿಲ್ಲ.

ಹಾಗಂತ ಯಂತ್ರ ಹಾಕಿ ಕೈ ತೊಳೆದುಕೊಂಡ್ರೆ ಆಗಲ್ಲ ಅನ್ನೋದಕ್ಕೂ ಸಾಕ್ಷಿ ಇದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದೇ ಕಂಪನಿಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದ್ರು. ಅಪಘಾತಗಳ ಸಂಖ್ಯೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಎಬಿಎಸ್ ಇದ್ದ ಟ್ಯಾಕ್ಸಿಯವರು ತಿರುವುಗಳಲ್ಲಿ ಹೆಚ್ಚು ರಭಸ, ಮುಂದಿನ ಗಾಡಿಗೆ ಹೆಚ್ಚು ಹತ್ತಿರ. ಸಾಧನ ಕೊಟ್ಟ ಉಳಿತಾಯವನ್ನ ವೇಗದಲ್ಲಿ ಖರ್ಚು ಮಾಡಿದ್ರು.

ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ. 2019ರ ಜುಲೈನಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಮುಂದಿನ ಇಬ್ಬರಿಗೂ ಸೀಟ್ ಬೆಲ್ಟ್ ನೆನಪಿಸೋ ಬೀಪ್, 80 ಕಿ.ಮೀ. ದಾಟಿದ್ರೆ ಎಚ್ಚರಿಕೆ ಎಲ್ಲ ಕಡ್ಡಾಯ ಆಯ್ತು. ಬೀಪ್ ಕಿರಿಕಿರಿ ಆಯ್ತು ಅಂತ ಜನ ಹುಡುಕಿದ್ದು ಬೆಲ್ಟನ್ನಲ್ಲ, ಬೆಲ್ಟಿನ ಜಾಗಕ್ಕೆ ಸಿಕ್ಕಿಸೋ ಖಾಲಿ ಕ್ಲಿಪ್ಪನ್ನ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಆ ಕ್ಲಿಪ್ಪುಗಳನ್ನ ತೆಗೀರಿ ಅಂತ ಆದೇಶ ಕೊಡಬೇಕಾಯ್ತು. ತೆಗೆದ ಜಾಹೀರಾತುಗಳ ಸಂಖ್ಯೆ 13 ಸಾವಿರಕ್ಕೂ ಮೇಲೆ. ಹಿಂದಿನ ವರ್ಷ, 2022ರ ಸೆಪ್ಟೆಂಬರ್ 4ರಂದು, ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರಿದ್ದದ್ದು ಏರ್‌ಬ್ಯಾಗುಗಳಿದ್ದ ಮರ್ಸಿಡಿಸ್‌ನಲ್ಲಿ. ಹಿಂದಿನ ಸೀಟು, ಬೆಲ್ಟ್ ಹಾಕಿರಲಿಲ್ಲ.

ಹೆಲ್ಮೆಟ್ಟಿನದ್ದೂ ಅಷ್ಟೇ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರ ಜನವರಿಯಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅವರಲ್ಲಿ 14,337 ಜನ ಹಿಂದೆ ಕೂತವರು. ನಮ್ಮ ಕ್ಯಾಂಪಸ್ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ಹಿಂದಿನ ಸೀಟು ನೋಡಿ. ಹೆಚ್ಚಿನ ಹೆಲ್ಮೆಟ್ಟು ತಲೆ ಮೇಲಿರಲ್ಲ, ಮೊಣಕೈಗೆ ತೂಗ್ತಾ ಇರುತ್ತೆ.

ಇಷ್ಟೆಲ್ಲ ಓದಿ ನಾವು ಬಂದ ತೀರ್ಮಾನ ಇದು: ಮೊದಲು ಸಾಧನ, ಅದೂ ಕಡ್ಡಾಯವಾಗಿ. ಗಾಬರಿಯ ಆ ಒಂದು ಸೆಕೆಂಡಿನಲ್ಲಿ ಯಾರಿಗೂ ಪಾಠ ನೆನಪಾಗಲ್ಲ, ವಾಲ್ವಿಗೆ ನೆನಪು ಮಾಡಿಕೊಳ್ಳೋ ಅಗತ್ಯವೇ ಇಲ್ಲ. ಪಾಠ ಬೇಕಾಗಿರೋದು ಆ ಸಾಧನದ ಬಗ್ಗೆ. ನಿನ್ನ ಗಾಡಿಯಲ್ಲಿ ಏನಿದೆ, ಯಾವ ಚಕ್ರಕ್ಕಿದೆ, ಅದು ಕೆಲಸ ಮಾಡಬೇಕಾದ್ರೆ ನೀನು ಏನು ಮಾಡಬೇಕು, ಅದರ ಕೈಯಲ್ಲಿ ಏನು ಆಗಲ್ಲ. ಶೋರೂಮಿನಲ್ಲಿ ಹಾರ ಹಾಕಿ, ಲಿಂಬೆಹಣ್ಣು ಇಟ್ಟು, ಕೀ ಕೊಡುವಾಗ ಹತ್ತು ನಿಮಿಷ ಹೇಳಿದ್ರೂ ಸಾಕು, ಯಾರೂ ಹೇಳಲ್ಲ. 2021ರ ಜುಲೈನಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನಕ್ಕೆ ನಾಲ್ಕು ವಾರದಲ್ಲಿ 29 ಗಂಟೆ ಕಲಿಕೆ ಇದೆ, 8 ಗಂಟೆ ತರಗತಿ, 21 ಗಂಟೆ ಗಾಡಿ ಮೇಲೆ. ಚಲೋದೇ. ಆದ್ರೆ ನಮ್ಮಲ್ಲಿ ಹೆಚ್ಚಿನವರು ಬೈಕ್ ಕಲಿಯೋದು ಯಾವ ಕೇಂದ್ರದಲ್ಲೂ ಅಲ್ಲ, ಊರ ಹೊರಗಿನ ಗ್ರೌಂಡಿನಲ್ಲಿ, ಹಿಂದೆ ಕಾಕಾನ್ನ ಕೂರಿಸಿಕೊಂಡು.

ಇನ್ನೊಂದು ಮಾತು, ಇದು ನಮ್ಮ ಜಿಲ್ಲೆಯದ್ದೇ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬಿನ ಸೀಸನ್. ರಾತ್ರಿ ಹೈವೇ ಕಡೆ ಚಹಾಕ್ಕೆ ಹೊರಟ್ರೆ ಮುಂದೆ ಡಬಲ್ ಟ್ರೇಲರ್ ಟ್ರ್ಯಾಕ್ಟರ್. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬು ಎರಡೂ ಬದಿ ಹೊರಗೆ ಚಾಚಿರುತ್ತೆ. ಬೈಕಿನ ಡಿಮ್ ಲೈಟಿನಲ್ಲಿ ಅಂಥದ್ದು ಕಣ್ಣಿಗೆ ಬೀಳೋದು ಮೂವತ್ತು ನಲವತ್ತು ಮೀಟರ್ ಹತ್ತಿರ ಬಂದಾಗ. ಮೇಲಿನ ಲೆಕ್ಕ ಹಾಕಿ: 60ರಲ್ಲಿ ಹೋಗ್ತಿದ್ರೆ ಯೋಚನೆಗೆ 17 ಮೀಟರ್, ಎರಡೂ ಬ್ರೇಕಿಗೆ 20. ಎಲ್ಲ ಸರಿಯಾಗಿ ಮಾಡಿದವನೂ ಕೂದಲೆಳೆಯಲ್ಲಿ ನಿಲ್ಲಬಹುದು, ಇಲ್ಲಾ ನಿಲ್ಲದೇ ಇರಬಹುದು. ಇಲ್ಲಿ ಬೈಕಿನವನ ಪಾಠದಿಂದಲೂ ಆಗಲ್ಲ, ಅವನ ಎಬಿಎಸ್‌ನಿಂದಲೂ ಆಗಲ್ಲ. ಆ ಟ್ರೇಲರಿನ ಹಿಂದೆ ಅಂಟಿಸೋ ಒಂದು ಕೆಂಪು ಹೊಳೆಯೋ ಪಟ್ಟಿ ಬೇಕು. ಕಬ್ಬು ತೂಗೋ ಫ್ಯಾಕ್ಟರಿ ಗೇಟಿನಲ್ಲೇ "ಪಟ್ಟಿ ಇಲ್ಲದಿದ್ರ ಒಳಗ ಬಿಡಂಗಿಲ್ಲ" ಅಂದ್ರೆ ಒಂದೇ ಸೀಸನ್ನಿನಲ್ಲಿ ಎಲ್ಲ ಟ್ರೇಲರಿಗೂ ಬರುತ್ತೆ. ಅಷ್ಟು ಅಗ್ಗದ ಸಾಧನವನ್ನ ಕಡ್ಡಾಯ ಮಾಡೋಕೆ ಆಗಲ್ಲ ಅಂದ್ರೆ ನಮಗೆ ಸಿಟ್ಟು ಬರುತ್ತೆ.

ಬೆಲೆಯ ಮಾತು ಬಂತು ಅಂತ ಹೇಳ್ತೀವಿ. 2025ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಒಂದು ಕರಡು ಹೊರಡಿಸಿತು. ಸಣ್ಣ ಗಾಡಿ ದೊಡ್ಡ ಗಾಡಿ ಅನ್ನದೆ ಹೊಸ ಬೈಕ್ ಸ್ಕೂಟರ್‌ಗಳಿಗೆಲ್ಲ ಎಬಿಎಸ್, ಗಾಡಿ ಜೊತೆ ಎರಡು ಹೆಲ್ಮೆಟ್ ಅನ್ನೋದು ಅದರ ಪ್ರಸ್ತಾಪ. ಕೂಡ್ಲೆ ಎದ್ದ ಮಾತು, ಬಡವರ ಗಾಡಿ ತುಟ್ಟಿ ಆಗುತ್ತೆ ಅಂತ. ಆಗುತ್ತೆ, ನಿಜ. ಆದ್ರೆ 100 ಸಿಸಿ ಗಾಡಿ ಓಡಿಸೋರೇ ನಮ್ಮಲ್ಲಿ ಜಾಸ್ತಿ, ನಮ್ಮ ಅಪ್ಪಂದಿರೂ ಅವರಲ್ಲೇ ಇದ್ದಾರೆ. ಜಾರೋ ರಸ್ತೆ ಸಿಸಿ ನೋಡಿ ಜಾರಿಸಲ್ಲ.

ಈಗ ನಿಮ್ಮ ಗಾಡಿ ಹತ್ತಿರ ಹೋಗಿ. ಮುಂದಿನ ಮತ್ತು ಹಿಂದಿನ ಡಿಸ್ಕ್ ಪಕ್ಕ ಹಲ್ಲಿನ ಉಂಗುರ ಇದೆಯಾ ನೋಡಿ. ಎರಡೂ ಕಡೆ ಇದ್ರೆ ಸಾಮಾನ್ಯವಾಗಿ ಡ್ಯುಯಲ್, ಮುಂದೆ ಮಾತ್ರ ಇದ್ರೆ ಸಿಂಗಲ್. ಕೀ ಆನ್ ಮಾಡಿದಾಗ ಎಬಿಎಸ್ ಲೈಟ್ ಹತ್ತಿ, ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಆರಲಿಲ್ಲ ಅಂದ್ರೆ ಅದು ಕೆಲಸ ಮಾಡ್ತಿಲ್ಲ. ಒಣಗಿದ ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ಗಾಡಿ ನೆಟ್ಟಗೆ ಇರುವಾಗ, 20ರ ವೇಗದಲ್ಲಿ ಶುರು ಮಾಡಿ. ಮುಂದಿನ ಲಿವರನ್ನ ಗಪ್ಪನೆ ಹಿಡೀಬೇಡಿ, ಒದ್ದೆ ಬಟ್ಟೆ ಹಿಂಡಿದಂಗೆ ಹಿಂಡ್ತಾ ಹೋಗಿ, ಹಿಂದಿನದ್ದು ಜೊತೆಗೆ ಹಗುರಾಗಿ. ದಿನಾ ಸ್ವಲ್ಪ ಸ್ವಲ್ಪ ವೇಗ ಏರಿಸಿ. ಎಬಿಎಸ್ ಶುರು ಆದಾಗ ಲಿವರ್ ಬೆರಳಿಗೆ ಟಕಟಕ ಹೊಡೆಯುತ್ತೆ, ಬಹಳ ಜನ ಹೆದರಿ ಆಗಲೇ ಬಿಟ್ಟುಬಿಡ್ತಾರೆ. ಬಿಡಬಾರದು, ಅದು ಕೆಲಸ ಮಾಡ್ತಿರೋ ಸದ್ದು. ಸಿಬಿಎಸ್ ಸ್ಕೂಟರ್ ಇದ್ದೋರು ಎರಡೂ ಲಿವರ್ ಹಿಡೀರಿ, ಎಡಗೈ ಒಂದರ ಮೇಲೆ ಬಿಡಬೇಡಿ. ತಿರುವಿನಲ್ಲಿ ವಾಲಿದಾಗ ಸಾಧಾರಣ ಎಬಿಎಸ್ ಕಾಪಾಡುತ್ತೆ ಅಂತ ನಂಬಬೇಡಿ. ಸಡಿಲ ಜಲ್ಲಿ ಮೇಲೆ ಗಾಡಿ ನಿಲ್ಲೋಕೆ ಇನ್ನೂ ಹೆಚ್ಚು ದೂರ ತಗೊಳ್ಳುತ್ತೆ.

ನಮ್ಮ ಗೆಳೆಯ ಈಗ ಭಾನುವಾರ ಬೆಳಿಗ್ಗೆ ಆರಕ್ಕೆ, ಮಹಾಂತೇಶ ನಗರದಲ್ಲಿ ನಮ್ಮ ರೂಮಿನ ಹಿಂದಿರೋ ಖಾಲಿ ಪ್ಲಾಟುಗಳ ನಡುವಿನ ರಸ್ತೆಯಲ್ಲಿ ಇದನ್ನೇ ಮಾಡ್ತಾನೆ. ಒಂದು ಇಟ್ಟಂಗಿ ಇಟ್ಟು, ಅದರ ಹತ್ತಿರ ಬ್ರೇಕ್ ಹಿಡಿದು, ನಿಂತ ಜಾಗಕ್ಕೆ ಹೆಜ್ಜೆ ಎಣಿಸ್ತಾನೆ. ಹೋದ ತಿಂಗಳು ಖಾನಾಪುರದಿಂದ ಕಾಕಾ ಬಂದಿದ್ರು. ಕಟ್ಟೆ ಮೇಲೆ ಕೂತು ಎರಡು ಸುತ್ತು ನೋಡಿದ್ರು, ಏನೂ ಅನ್ನಲಿಲ್ಲ. ಮೂರನೇ ಸುತ್ತಿಗೆ ಎದ್ದು ಬಂದು, "ತಗಿ, ಕೀ ಕೊಡಿಲ್ಲಿ" ಅಂದ್ರು.